ಭಟ್ಟರ ಬುಟ್ಟಿಯ ಬಂಗುಡೆ

ಓದಿದರೆ ಮನುಷ್ಯ ಒಳ್ಳೆಯವನಾಗುತ್ತಾನೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಪುರಾವೆ ಬೇಕಿದ್ದರೆ ನಮ್ಮ ಮನೆಗೇ ಬರಬಹುದು. ಇಡೀ ಮನೆಯಲ್ಲಿ ಹೆಚ್ಚು ಓದುವವಳು ನಾನು, ಹೆಚ್ಚು ಜಗಳ ತೆಗೆಯುವವಳೂ ನಾನೇ. ಹೀಗಿರುವಾಗ ಮೊನ್ನೆ ಕುಮಟೆಯ ಸಮಾರಂಭವೊಂದರಲ್ಲಿ ಹಿರಿಯರೊಬ್ಬರು ಮೈಕಿನ ಮುಂದೆ ನಿಂತು, "ಒಂದು ಪುಟ್ಟ ಓದುವ ಬಳಗ ಒಂದು ಊರನ್ನೇ ಎಬ್ಬಿಸಿತು! ಜನ ಕೂತು ಓದಿದರು, ಓದಿ ಚರ್ಚಿಸಿದರು, ಚರ್ಚಿಸಿ ಪ್ರಬುದ್ಧರಾದರು, ಪ್ರಬುದ್ಧರಾಗಿ ಗ್ರಾಮಸಭೆಗೆ ಬಂದರು" ಎಂದು ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಮಾತು ಹತ್ತಿ, ತುದಿ ಮೆಟ್ಟಿಲಿಗೆ ಬಂದಾಗ ನನ್ನ ಹೆಸರು ಕೂಗಿ ಶಾಲು ಹೊದೆಸಿಬಿಟ್ಟರು. ಆ ಬಳಗ ನಮ್ಮೂರಿನದು, ಅದರ ಮಾರ್ಗದರ್ಶಕಿ ಎನ್ನಿಸಿಕೊಂಡವಳು ನಾನು. ಶಾಲು ಚೆನ್ನಾಗಿತ್ತು, ಅದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಆ ಮೆಟ್ಟಿಲುಗಳ ಬಗ್ಗೆ. ನಾನು ಮೊದಲಿನಿಂದ ಕೊನೆಯವರೆಗೆ ಅಲ್ಲೇ ಇದ್ದೆ, ಕಣ್ಣೂ ಸರಿಯಾಗಿದೆ. ಯಾರೂ ಪ್ರಬುದ್ಧರಾದದ್ದನ್ನು ನಾನು ನೋಡಿಲ್ಲ. ನಾನು ನೋಡಿದ್ದು ಒಂದು ಭಾರೀ ಎಡವಟ್ಟು. ಆ ಎಡವಟ್ಟಿನಿಂದ ಊರಿಗೆ ಒಳ್ಳೆಯದಾಯಿತು ಎನ್ನುವುದು ಬೇರೆ ಮಾತು. ಆದರೆ ಎಡವಟ್ಟನ್ನು ಪ್ರಬುದ್ಧತೆ ಎಂದು ಕರೆದರೆ ನಾಳೆ ಬೇರೆ ಊರಿನವರು ನಮ್ಮನ್ನು ನಂಬಿ ಬರಿಯ ಪ್ರಬುದ್ಧತೆಯನ್ನೇ ಅನುಸರಿಸಿ ಕೆಟ್ಟಾರು. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಬಗ್ಗೆ ನಾಲ್ಕು ಮಾತು. ಹೊನ್ನಾವರದ ಕಾಲೇಜಿನಲ್ಲಿ ಓದುವಾಗ ನಾನು ಚರ್ಚಾಪಟು. ಜಿಲ್ಲೆಯಲ್ಲಿ ಎಲ್ಲಿ ಸ್ಪರ್ಧೆ ಇದ್ದರೂ ಹೋಗುತ್ತಿದ್ದೆ. ಅಲ್ಲಿ ಹೋದ ಮೇಲೆ ಚೀಟಿ ಎತ್ತಬೇಕು. 'ಪರ' ಬಂದರೆ ಪರ, 'ವಿರೋಧ' ಬಂದರೆ ವಿರೋಧ. ಒಂದೇ ವಿಷಯಕ್ಕೆ ಬೆಳಿಗ್ಗೆ ಕುಮಟೆಯಲ್ಲಿ ಪರವಾಗಿಯೂ ಸಂಜೆ ಭಟ್ಕಳದಲ್ಲಿ ವಿರುದ್ಧವಾಗಿಯೂ ಮಾತಾಡಿ ಎರಡೂ ಕಡೆ ಕಪ್ಪು ಗೆದ್ದು, ನಡುವೆ ಬಸ್ಸಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದವಳು ನಾನು. ಈ ಚೀಟಿಯ ಕತೆಯನ್ನು ಊರಿಗೆಲ್ಲ ಹೇಳಿಕೊಂಡೂ ಇದ್ದೇನೆ. ಆ ಕಪ್ಪುಗಳಲ್ಲಿ ಅಮ್ಮ ಈಗ ಬಟಾಣಿ, ಕಡಲೆ ತುಂಬಿಡುತ್ತಾಳೆ. "ಇವಳ ಹತ್ರ ಉಪ್ಪು ಕೊಡು ಅಂದ್ರೂ ಅದಕ್ಕೊಂದು ಪರ, ಒಂದು ವಿರೋಧ. ಅಷ್ಟೊತ್ತಿಗೆ ಸಾರು ಕುದ್ದು ಕೆಳಗೆ ಬಿದ್ದಿರ್ತದೆ" ಎಂದು ಬಂದವರ ಮುಂದೆಲ್ಲ ಹೇಳುತ್ತಾಳೆ. ಈಗ ನಾನು ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಗ್ರಾಮಸಭೆ ಎಂದರೆ ಪ್ರಜಾಪ್ರಭುತ್ವದ ತಾಯಿಬೇರು ಎಂದು ಪ್ರತಿ ವರ್ಷ ಮಕ್ಕಳಿಗೆ ಬರೆಸುತ್ತೇನೆ. ಆ ಬೇರು ಕಪ್ಪಗಿದೆಯೋ ಬೆಳ್ಳಗಿದೆಯೋ ನನಗೆ ಗೊತ್ತಿರಲಿಲ್ಲ. ನಮ್ಮೂರ ಗ್ರಾಮಸಭೆಗೆ ನಾನು ಒಮ್ಮೆಯೂ ಹೋಗಿರಲಿಲ್ಲ. ನಾನೊಬ್ಬಳೇ ಅಲ್ಲ, ಯಾರೂ ಹೋಗುತ್ತಿರಲಿಲ್ಲ. ಕರೆದಾಗಲೆಲ್ಲ ಜನ ಸಾಲದೆ ಸಭೆ ಮುಂದಕ್ಕೆ ಹೋಗುತ್ತಿತ್ತು.

ನಮ್ಮೂರು ಎಂದರೆ ಹೊನ್ನಾವರ ದಾಟಿ ಭಟ್ಕಳದ ಕಡೆ ಹೋಗುವಾಗ ಹೆದ್ದಾರಿಗೆ ಅಂಟಿಕೊಂಡಿರುವ ಒಂದು ಊರು. ಹೆಸರು ಹೇಳಿದರೆ ಪಂಚಾಯ್ತಿಯವರು ಬೇಸರ ಮಾಡಿಕೊಳ್ಳುತ್ತಾರೆ, ಹೇಳದಿದ್ದರೆ ಊರಿನವರು ಬೇಸರ ಮಾಡಿಕೊಳ್ಳುತ್ತಾರೆ. ಊರಿನವರ ಬೇಸರ ನನಗೆ ಅಭ್ಯಾಸವಿದೆ. ಅಲ್ಲಿಯ ಪಂಚಾಯ್ತಿ ಗ್ರಂಥಾಲಯವನ್ನು ನೋಡಿಕೊಳ್ಳುವ ಸುಮಿತ್ರಕ್ಕ ಒಂದು ದಿನ ನನ್ನನ್ನು ತಡೆದು, "ಕುಮಟೆಯಲ್ಲಿ ತರಬೇತಿ ಇದ್ದು. ಊರವರನ್ನ ಕೂರಿಸ್ಕಂಡು ಓದ್ಸೂದಂತೆ, ಮಾತಾಡ್ಸೂದಂತೆ. ನಿಂಗೆ ಮಾತು ಬತ್ತು, ನೀ ಹೋಗು" ಎಂದಳು. ಹೋದೆ. ಅಲ್ಲಿ ಕಲಿಸಿದ್ದು ಇಷ್ಟು: ಎಲ್ಲರೂ ವೃತ್ತವಾಗಿ ಕೂರಬೇಕು. ಒಬ್ಬೊಬ್ಬರು ಒಂದೊಂದು ಪ್ಯಾರಾ ಗಟ್ಟಿಯಾಗಿ ಓದಬೇಕು. ಮಾರ್ಗದರ್ಶಕರು ಪ್ರಶ್ನೆ ಮಾತ್ರ ಕೇಳಬೇಕು, ತಮ್ಮ ಅಭಿಪ್ರಾಯ ಹೇಳಕೂಡದು. ಯಾರೂ ಗೆಲ್ಲಲು ಮಾತಾಡಬಾರದು. ಯಾರೂ ಮಾತಾಡದಿದ್ದರೆ ಗಾಬರಿಯಾಗಬಾರದು, ಮೌನವನ್ನು ಗೌರವಿಸಬೇಕು. ನಾನು ಎದ್ದು ನಿಂತು, "ಗೆಲ್ಲಲು ಅಲ್ಲದಿದ್ದರೆ ಮತ್ತೆ ಮಾತಾಡುವುದು ಯಾಕೆ?" ಎಂದು ಕೇಳಿದೆ. ತರಬೇತಿ ಕೊಡುತ್ತಿದ್ದವರು ನನ್ನ ಮೌನವನ್ನು ಗೌರವಿಸಲು ಬಹಳ ಆತುರದಲ್ಲಿದ್ದಂತೆ ಕಂಡರು.

ಗ್ರಂಥಾಲಯದಲ್ಲಿ ಶನಿವಾರ ಸಂಜೆ ಬಳಗ ಶುರುವಾಯಿತು. ಬಂದವರಲ್ಲಿ ನಿಮಗೆ ಗೊತ್ತಿರಬೇಕಾದವರು ಮೂವರೇ. ಒಬ್ಬರು ಸುಬ್ರಾಯ ಭಟ್ಟರು. ಬ್ಯಾಂಕಿನಿಂದ ನಿವೃತ್ತರು, ಮನೆ ಬಸ್ಸು ನಿಲ್ಲುವ ಹೆದ್ದಾರಿ ಕ್ರಾಸಿಗೆ ತಾಗಿಕೊಂಡೇ ಇದೆ. ತಾಳಮದ್ದಲೆಯಲ್ಲಿ ಅರ್ಥ ಹೇಳುವುದರಲ್ಲಿ ದೊಡ್ಡ ಹೆಸರು. ವೇಷವಿಲ್ಲ, ಕುಣಿತವಿಲ್ಲ, ಜಮಖಾನದ ಮೇಲೆ ಕೂತು ಬರಿ ಮಾತಿನಲ್ಲಿ ಕೌರವನಾಗುವ ಆ ವಿದ್ಯೆಯಲ್ಲಿ ಭಟ್ಟರು ಎಂಥವರೆಂದರೆ, ಇವರು ಕೌರವನಾದ ದಿನ ಕುರುಕ್ಷೇತ್ರ ಮುಗಿಸಲು ಭಾಗವತರು ಬೇರೆ ಉಪಾಯ ಹುಡುಕಬೇಕಾಗುತ್ತಿತ್ತಂತೆ. ಇನ್ನೊಬ್ಬಳು ನಾಗಮ್ಮ, ಕ್ರಾಸಿನಲ್ಲಿ ಮೀನು ಮಾರುವವಳು. ಮಾರಾಟ ಮುಗಿದ ಮೇಲೆ ಬಸ್ಸು ಬರುವವರೆಗೆ ಕೂರಲು ಫ್ಯಾನಿರುವ ಜಾಗ ಎಂದು ಬಂದವಳು, ಅದನ್ನು ಮೊದಲ ದಿನವೇ ಹೇಳಿಬಿಟ್ಟಳು. ಮೂರನೆಯವರು ಬೇಕರಿಯ ಇಸ್ಮಾಯಿಲ್ ಭಾಯಿ, ಭಟ್ಕಳದ ಕಡೆಯವರು. ಬರುವಾಗ ಖಾರದ ಬಿಸ್ಕತ್ತು ತರುತ್ತಾರೆ, ನಾಗಮ್ಮನ ಜೊತೆ ಕೊಂಕಣಿಯಲ್ಲಿ ಏನೋ ಹೇಳಿ ನಗುತ್ತಾರೆ. ನನಗೆ ಅರ್ಥವಾಗದ್ದರಿಂದ ಅದು ನನ್ನ ಬಗ್ಗೆಯೇ ಎಂದು ನಾನು ತಿಳಿದುಕೊಂಡಿದ್ದೇನೆ.

ಮೊದಲ ವಾರ ಒಂದು ಕತೆ ಓದಿದೆವು. ಒಂದೂರಿನ ಪಟೇಲ ತನ್ನ ಗದ್ದೆಯ ಮೇಲಿನ ಕಾಲುದಾರಿಗೆ ಬೇಲಿ ಹಾಕುತ್ತಾನೆ, ಒಬ್ಬ ಮುದುಕಿ ಬಾವಿಗೆ ಹೋಗಲು ದಾರಿಯಿಲ್ಲದೆ ಕೊಡ ಹಿಡಿದು ಅವನ ಜಗಲಿಯಲ್ಲಿ ಕೂರುತ್ತಾಳೆ. ಅಷ್ಟೇ ಕತೆ. ಓದಿ ಮುಗಿಸಿ, "ಈ ಕತೆ ನಿಮ್ಮಲ್ಲಿ ಯಾವ ಭಾವನೆ ಮೂಡಿಸಿತು?" ಎಂದು ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆಯೇ ಕೇಳಿದೆ. ಯಾರೂ ಮಾತಾಡಲಿಲ್ಲ. ನಾವು ಮೌನವನ್ನು ಎಷ್ಟು ಗೌರವಿಸಿದೆವೆಂದರೆ ಮೇಲೆ ತಿರುಗುತ್ತಿದ್ದ ಫ್ಯಾನಿಗೇ ತನ್ನ ಕಿರಿಕಿರಿ ಸದ್ದಿಗೆ ನಾಚಿಕೆಯಾಗಿರಬೇಕು. ಕೊನೆಗೆ ನಾಗಮ್ಮ, "ಕತೆ ಚಂದ ಅದೆ ಅಕ್ಕೋರೆ" ಎಂದಳು. ಆಮೇಲೆ ಇಸ್ಮಾಯಿಲ್ ಭಾಯಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರು. ಎರಡನೆಯ ವಾರವೂ ಅದೇ ಕತೆ ಓದಿ ಹೀಗೇ, ಬಿಸ್ಕತ್ತು ಮಾತ್ರ ಬೇರೆ. ಗೆಲ್ಲಲು ಮಾತಾಡಬೇಡಿ ಎಂದರೆ ಜನ ಮಾತನ್ನೇ ಆಡುವುದಿಲ್ಲ ಎಂಬ ನನ್ನ ವಾದ ಗೆದ್ದಿತ್ತು. ಆದರೆ ಎದುರಾಳಿಯೇ ಇಲ್ಲದ ಗೆಲುವು ಒಗ್ಗರಣೆ ಇಲ್ಲದ ಸಾರಿನ ಹಾಗೆ.

ಮೂರನೆಯ ವಾರ ಭಟ್ಟರಿಗೆ ತಡೆಯಲಾಗಲಿಲ್ಲ. "ತಂಗೀ, ಇದೆಂತ ಪ್ರಶ್ನೆ? ಭಾವನೆ ಎಂತದು ಅಂತ ಕೇಳಿದ್ರೆ ಯಾರು ಹೇಳ್ತಾರೆ? ಜ್ವರ ಉಂಟಾ ಅಂತ ಕೇಳಿದ ಹಾಗಾತು. ಪಾತ್ರ ಹಂಚು. ಒಬ್ಬರು ಪಟೇಲ, ಒಬ್ಬರು ಮುದುಕಿ. ಆಮೇಲೆ ನೋಡು" ಎಂದರು. ತರಬೇತಿಯಲ್ಲಿ ಇದು ಇರಲಿಲ್ಲ ಎಂದೆ. "ತರಬೇತಿ ಕೊಟ್ಟವರು ಒಂದು ರಾತ್ರಿ ತಾಳಮದ್ದಲೆ ಕೇಳಿದ್ರಾ?" ಎಂದರು. ಪಟೇಲನ ಪಾತ್ರ ಭಟ್ಟರಿಗೆಂದೇ ಹೊಲಿಸಿದ ಅಂಗಿಯಂತಿತ್ತು, ಮುದುಕಿಯ ಪಾತ್ರ ನಾಗಮ್ಮನಿಗೆ. ನಾನು ಹಾಗೆಯೇ ಹೇಳಿದೆ. ನಾಗಮ್ಮ ಬಾಯಿಯ ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿ, "ಮುದುಕಿ ಮಾತು ನಂಗೆ ದಿನಾ ಇದ್ದದ್ದೇ. ಒಂದಿನ ಪಟೇಲನ ಮಾತು ನಾ ಆಡ್ತೆ. ಮುದುಕಿ ಭಟ್ರಾಗ್ಲಿ" ಎಂದಳು. ಎಲ್ಲರೂ ಭಟ್ಟರ ಮುಖ ನೋಡಿದರು. ಅರ್ಥಧಾರಿಗೆ ಪಾತ್ರ ಬೇಡ ಎನ್ನುವುದು ಅವಮಾನ. ಭಟ್ಟರು ಶಲ್ಯ ಸರಿಮಾಡಿಕೊಂಡು, "ಆತು. ಸ್ತ್ರೀಪಾತ್ರ ನನಗೆ ಹೊಸತಲ್ಲ" ಎಂದರು.

ಆ ಸಂಜೆ ನಡೆದದ್ದಕ್ಕೆ ಚರ್ಚೆ ಎನ್ನಬೇಕೋ ಯುದ್ಧ ಎನ್ನಬೇಕೋ ತಿಳಿಯದು. ನಾಗಮ್ಮ ಮೇಜಿನ ಹಿಂದಿನ ಕುರ್ಚಿಯನ್ನೇ ಹಿಡಿದಳು. ಕಾಲ ಮೇಲೆ ಕಾಲು ಹಾಕಿದಳು. "ಎಂತ ಮುದುಕಿ, ನನ್ನ ಗದ್ದೆ ನಿನ್ನ ಅಪ್ಪ ಮಾಡಿಟ್ಟದ್ದಾ? ಇವತ್ತು ನಿಂಗೆ ದಾರಿ ಬಿಟ್ರೆ ನಾಳೆ ಊರಿನ ದನ ಬತ್ತದೆ, ನಾಡಿದ್ದು ದನದ ಹಿಂದೆ ಲಾರಿ ಬತ್ತದೆ. ನನ್ನ ಭತ್ತ ಎಲ್ಲಿ ಬೆಳೀಬೇಕು, ನಿನ್ನ ಕೊಡದೊಳಗಾ?" ಎಂದಳು. ನಾನು ಕಣ್ಣು ಕಣ್ಣು ಬಿಟ್ಟೆ. ಪಟೇಲನಿಗೂ ಒಂದು ಕಾರಣ ಇರಬಹುದು ಎಂದು ಎರಡು ವಾರದಲ್ಲಿ ನಮಗೆ ಯಾರಿಗೂ ಹೊಳೆದಿರಲಿಲ್ಲ. ಇತ್ತ ಭಟ್ಟರು ಮುದುಕಿಯಾಗಿ ಇಲ್ಲದ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಒಡೆಯಾ, ದಾರಿ ನಾನು ಮಾಡಿದ್ದಲ್ಲ, ನನ್ನ ಅಜ್ಜಿಯ ಕಾಲು ಮಾಡಿದ್ದು. ಬೇಲಿ ಹಾಕೂದಾದ್ರೆ ಅವಳ ಕಾಲಿಗೆ ಹಾಕು" ಎಂದರು. ಸುಮಿತ್ರಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಗ್ರಂಥಾಲಯ ಮುಚ್ಚುವ ಹೊತ್ತು ಕಳೆದದ್ದು ಯಾರಿಗೂ ತಿಳಿಯಲಿಲ್ಲ. ನಾಗಮ್ಮನ ಬಸ್ಸು ತಪ್ಪಿತು, ಇಸ್ಮಾಯಿಲ್ ಭಾಯಿ ಅವಳನ್ನು ಸ್ಕೂಟರಿನಲ್ಲಿ ಬಿಟ್ಟು ಬಂದರು. ಮುಂದಿನ ವಾರದಿಂದ ಜನ ಹೆಚ್ಚಾದರು. ಕುಮಟೆಯ ಹಿರಿಯರೇ, ಗಮನಿಸಿ: ಅವರು ಬಂದದ್ದು ಓದಲು ಅಲ್ಲ, ಪಾತ್ರ ಸಿಗುತ್ತದೋ ನೋಡಲು.

ಇಷ್ಟರಲ್ಲಿ ಊರಿನಲ್ಲಿ ಒಂದು ನಿಜವಾದ ಪ್ರಸಂಗ ಎದ್ದಿತ್ತು. ಹೆದ್ದಾರಿ ಅಗಲವಾಗುವ ಮೊದಲು ಕ್ರಾಸಿನಲ್ಲಿ ಒಂದು ಗೋಳಿಮರ ಇತ್ತು, ನಾಗಮ್ಮ ಮತ್ತು ಅವಳ ಜೊತೆಯ ಹೆಂಗಸರು ಅದರಡಿ ಮೀನು ಮಾರುತ್ತಿದ್ದರು. ಮರ ಹೋಯಿತು. ಅವರು ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲಿ ಬಿಸಿಲಿಗೆ ಕೊಡೆ ಹಿಡಿದು ಕೂತರು. ಪಂಚಾಯ್ತಿಯವರು ಊರ ಒಳಗೆ ಹೊಸ ಮೀನು ಮಾರುಕಟ್ಟೆ ಕಟ್ಟಿಸಿದರು. ಟೈಲ್ಸು ಹಾಕಿದ ಕಟ್ಟೆ, ಮೇಲೆ ಫ್ಯಾನು, ಎದುರಿಗೆ ದೊಡ್ಡ ಗೇಟು. ಅಲ್ಲಿಗೆ ಎಲ್ಲರೂ ಹೋಗಬೇಕು ಎಂದು ಮುಂದಿನ ಗ್ರಾಮಸಭೆಯಲ್ಲಿ ತೀರ್ಮಾನ ಮಾಡುವವರಿದ್ದರು. ನಾಗಮ್ಮನಿಗೆ ಇದು ತಮಾಷೆಯ ವಿಷಯವಲ್ಲ. ಭಟ್ಕಳದ ಬಸ್ಸಿನಿಂದ, ಹೊನ್ನಾವರದ ಟೆಂಪೋದಿಂದ ಇಳಿದವರು ಕಣ್ಣಿಗೆ ಬಿದ್ದ ಮೀನು ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಒಳಗಿನ ಕಟ್ಟಡದವರೆಗೆ ಮೀನಿಗಾಗಿ ನಡೆದು ಹೋಗುವವರು ಯಾರು? ಮಾರದ ಮೀನು ಮರುದಿನಕ್ಕೆ ಮೀನಲ್ಲ, ಗೊಬ್ಬರ. "ಅಲ್ಲಿಗೆ ಹೋದ್ರೆ ನಾ ಬುಟ್ಟಿ ಮಗಚಿ ಇಡ್ಬೇಕಾತದೆ ಅಕ್ಕೋರೆ. ಮಗಳು ನರ್ಸಿಂಗ್ ಎರಡನೇ ವರ್ಷ" ಎಂದು ಒಂದು ದಿನ ಮೀನು ಕೊಡುತ್ತಾ ಹೇಳಿದಳು. ಅದನ್ನು ಹೇಳುವಾಗ ಅವಳು ನಗಲಿಲ್ಲ. ಸ್ಥಳಾಂತರ ಮಾಡಿ ಎಂದು ಪಂಚಾಯ್ತಿಗೆ ಮನವಿ ಕೊಟ್ಟವರಲ್ಲಿ ಮೊದಲಿಗರು ಯಾರು ಗೊತ್ತೇ? ಸುಬ್ರಾಯ ಭಟ್ಟರು. ಅವರ ಮನೆಯ ಜಗಲಿಗೆ ಕ್ರಾಸಿನ ಗಾಳಿ ನೇರ. ಅವರ ಮನೆಯಾಕೆ ಗಂಗಕ್ಕ ಮಧ್ಯಾಹ್ನ ಕಿಟಕಿ ತೆರೆಯುವುದನ್ನೇ ಬಿಟ್ಟಿದ್ದರು.

ಮಾರ್ಗದರ್ಶಕಿಯಾಗಿ ನಾನು ಒಂದು ಬುದ್ಧಿವಂತಿಕೆ ಮಾಡಿದೆ. ಕತೆ ಸಾಕು, ಈ ವಾರ ಇದನ್ನೇ ಓದೋಣ ಎಂದು ಗ್ರಾಮಸಭೆಯ ನಿಯಮಗಳನ್ನೂ ಸ್ಥಳಾಂತರದ ಪ್ರಸ್ತಾವವನ್ನೂ ತಂದೆ. ಓದಿ ಆದ ಮೇಲೆ ಪಾತ್ರ ಹಂಚುವ ಹೊತ್ತಿಗೆ ನಾಗಮ್ಮ ಮತ್ತೆ ಕುರ್ಚಿ ಹಿಡಿದಳು. "ನಾ ಪಂಚಾಯ್ತಿ ಪಿಡಿಒ ಸಾಹೇಬ್ರು." ಹಾಗಾದರೆ ಮೀನು ಮಾರುವವಳು? ಯಾರೂ ಮಾತಾಡುವ ಮೊದಲೇ ಇಸ್ಮಾಯಿಲ್ ಭಾಯಿ, "ಭಟ್ರಿಗೆ ಹೆಂಗಸಿನ ಪಾರ್ಟು ಕೈ ಹಿಡಿದಿದೆ. ನಾನು ಗಿರಾಕಿ, ಬೇಕಾದ್ರೆ ಚೌಕಾಶಿ ಮಾಡ್ತೇನೆ" ಎಂದರು. ಭಟ್ಟರ ಮುಖ ಹುಳ್ಳಗಾಯಿತು. ಆದರೆ ಪಾತ್ರ ಪಾತ್ರವೇ.

ಇಲ್ಲಿಯೇ ನಮ್ಮ ಕಡೆಯವರ ಸ್ವಭಾವ ಹೇಳಬೇಕು. ಬೇರೆಯವರಾಗಿದ್ದರೆ ಒಂದು ಸಂಜೆ ಆಟವಾಡಿ ಬಿಡುತ್ತಿದ್ದರು. ತಾಳಮದ್ದಲೆಯವರು ಹಾಗಲ್ಲ, ಒಪ್ಪಿಕೊಂಡ ಪಾತ್ರಕ್ಕೆ ಹೋಮ್‌ವರ್ಕು ಮಾಡುತ್ತಾರೆ. ಮೊದಲ ಸಂಜೆ ನಾಗಮ್ಮನ ಪಿಡಿಒ ಎದುರು ಭಟ್ಟರು ಸೋತರು. ಬಂಗುಡೆ ಮೀನಿಗೂ ತಾರ್ಲೆ ಮೀನಿಗೂ ವ್ಯತ್ಯಾಸ ಕೇಳಿದಾಗ ತಡವರಿಸಿದರು, ಎಲ್ಲರೂ ನಕ್ಕರು. ಸೋಮವಾರ ನಾನು ಕಾಲೇಜಿಗೆ ಹೋಗುವಾಗ ಕಂಡ ನೋಟವನ್ನು ಮರೆಯಲಾರೆ. ಮೀನಿನ ಬುಟ್ಟಿಗಳ ಸಾಲಿನಲ್ಲಿ, ನಾಗಮ್ಮನ ಕೊಡೆಯ ಪಕ್ಕದಲ್ಲಿ ತಮ್ಮದೇ ಕೊಡೆ ಬಿಡಿಸಿಕೊಂಡು, ಮೂಗಿಗೆ ಶಲ್ಯ ಒತ್ತಿ, ಮಡಚುವ ಸ್ಟೂಲಿನ ಮೇಲೆ ಭಟ್ಟರು ಕೂತಿದ್ದರು! ಮಂಜುಗಡ್ಡೆ ಎಷ್ಟು ಹೊತ್ತು ನಿಲ್ಲುತ್ತದೆ, ಬಸ್ಸು ಇಳಿದವರು ಮೊದಲು ಯಾವ ಕಡೆ ನೋಡುತ್ತಾರೆ, ಕೊಳ್ಳದೆ ಬರಿದೆ ಬೆಲೆ ಕೇಳುವವರನ್ನು ಹೇಗೆ ಗುರುತಿಸುವುದು ಎಂದು ಒಂದೊಂದೇ ಕೇಳುತ್ತಿದ್ದರು. ನಾಗಮ್ಮ, "ಭಟ್ರೇ, ಸ್ವಲ್ಪ ಆಚೆ ಸರೀರಿ. ನಿಮ್ಮ ಜನಿವಾರ ನೋಡಿ ನನ್ನ ಗಿರಾಕಿ ಓಡ್ತಾರೆ" ಎನ್ನುತ್ತಿದ್ದಳು. ಅತ್ತ ಜಗಲಿಯಿಂದ ಗಂಗಕ್ಕನ ಸ್ವರ: "ಎಂತ ಮಳ್ಳು ಇದು! ಮನೆಗೆ ಬತ್ರೋ ಇಲ್ಯೋ? ಬಂದ್ರೆ ಮೀಯದೆ ಬಾವಿಕಟ್ಟೆ ದಾಟಿ ಒಳಗೆ ಬಪ್ಪಲಿಲ್ಲೆ!" ಎರಡನೆಯ ಸಂಜೆ ಭಟ್ಟರು ಸಮಸಮ. ಮೂರನೆಯ ಸಂಜೆಗೆ ನಾಗಮ್ಮನ ಪಿಡಿಒ ಬೆವರು ಒರೆಸಿಕೊಳ್ಳಬೇಕಾಯಿತು. ಪ್ರತಿ ಸಂಜೆಯೂ ಅವಳು, "ಸಮಸ್ಯೆ ಎಂತದು, ಚುಟುಕಾಗಿ ಹೇಳಿ" ಎಂಬ ಒಂದೇ ಮಾತಿನಿಂದ ಶುರು ಮಾಡುತ್ತಿದ್ದಳು, ಸಿಕ್ಕಿಬಿದ್ದಾಗ "ಪರಿಶೀಲಿಸೋಣ" ಎಂದು ಜಾರುತ್ತಿದ್ದಳು. ನಮ್ಮ ಪಿಡಿಒ ಘಟ್ಟದ ಮೇಲಿನ ಸಾಧು ಹುಡುಗ. ಅವರನ್ನು ನಾವೆಲ್ಲ ದೂರದಿಂದ ನೋಡಿದ್ದು ಬಿಟ್ಟರೆ ಹೆಚ್ಚು ತಿಳಿಯದು. ಆದರೆ ನಾಗಮ್ಮನ ಪಿಡಿಒವನ್ನು ನೋಡಿದ ಮೇಲೆ ಅಸಲು ನಕಲಿನಂತೆ ಕಾಣತೊಡಗಿತು.

ಆಟ ಚೆನ್ನಾಗಿತ್ತು, ಆದರೆ ಗ್ರಾಮಸಭೆಗೆ ಆಟ ಸಾಲದು ಎಂಬುದು ನನ್ನ ನಂಬಿಕೆ. ನಾಗಮ್ಮನಿಗೆ ಒಂದು ಭಾಷಣ ಬರೆದುಕೊಟ್ಟೆ. ಪೀಠಿಕೆ, ವಿಷಯ, ಎದುರು ವಾದದ ಖಂಡನೆ, ಉಪಸಂಹಾರ, ನಡುವೆ ಸಂವಿಧಾನದ ಒಂದು ಮಾತು. ಅದನ್ನು ಓದಿ ತೋರಿಸಿದೆ. ನಾಗಮ್ಮ ಭಕ್ತಿಯಿಂದ ಕೇಳಿ, "ಚಂದ ಅದೆ ಅಕ್ಕೋರೆ" ಎಂದಳು. ಆ ಮಾತನ್ನು ಅವಳು ಮೊದಲ ವಾರ ಕತೆಗೂ ಹೇಳಿದ್ದಳು ಎಂಬುದು ಆಗ ನನಗೆ ಹೊಳೆಯಬೇಕಿತ್ತು. ಭಟ್ಟರಾದರೋ ಗ್ರಾಮಸಭೆಯ ದಿನ, ಅದು ನಡೆಯುವ ಶಾಲೆಯ ಬಾಗಿಲಲ್ಲೇ ನನ್ನನ್ನು ತಡೆದು, "ತಂಗೀ, ಆಟ ಬೇರೆ, ಬದುಕು ಬೇರೆ. ಇವತ್ತು ನಾನು ನನ್ನ ಮಾತು ಆಡೂದು. ಮಾರುಕಟ್ಟೆ ಒಳಗೆ ಹೋಗಲೇಬೇಕು. ಮನೆಯಲ್ಲಿ ಊಟ ಮಾಡ್ಲಿಕ್ಕಾಗ್ತಾ ಇಲ್ಲೆ" ಎಂದು ಎಚ್ಚರಿಕೆ ಕೊಟ್ಟೇ ಒಳಗೆ ಹೋದರು. ಗಂಗಕ್ಕ ಹಿಂದೆಯೇ ಇದ್ದರು, ಕಾವಲಿಗೆ ಎಂಬಂತೆ.

ಶಾಲೆಯ ಸಭಾಂಗಣ ತುಂಬಿತ್ತು. ಬಳಗದವರೆಲ್ಲ ತಮ್ಮ ತಮ್ಮ ಮನೆಯವರನ್ನೂ ಕರೆತಂದಿದ್ದರು. ಭಟ್ಟರೂ ನಾಗಮ್ಮನೂ ನಿಜವಾಗಿ ಎದುರುಬದುರಾಗುತ್ತಾರಂತೆ ಎಂಬ ಸುದ್ದಿ ಇಸ್ಮಾಯಿಲ್ ಭಾಯಿಯ ಬೇಕರಿಯಿಂದ ಬ್ರೆಡ್ಡಿನ ಜೊತೆ ಮನೆಮನೆಗೆ ಹೋಗಿತ್ತು. ಪಂಚಾಯ್ತಿ ಅಧ್ಯಕ್ಷರು ಇಷ್ಟು ಜನ ನೋಡಿ ಅಭ್ಯಾಸವಿಲ್ಲದೆ, ಸ್ವಾಗತ ಭಾಷಣದಲ್ಲಿ ಮದುವೆಗೆ ಬಂದವರನ್ನು ಸ್ವಾಗತಿಸುವ ಹಾಗೆ ಮಾತಾಡಿಬಿಟ್ಟರು. ಸ್ಥಳಾಂತರದ ವಿಷಯ ಬಂತು. ನಾನು ನಾಗಮ್ಮನಿಗೆ ಕಣ್ಸನ್ನೆ ಮಾಡಿದೆ. ಅವಳು ಫ್ಯಾನು ನೋಡುತ್ತಿದ್ದಳು. ಅಷ್ಟರಲ್ಲಿ ಭಟ್ಟರು ಎದ್ದರು. ಗಂಟಲು ಸರಿಮಾಡಿಕೊಂಡು, "ಮಾನ್ಯ ಅಧ್ಯಕ್ಷರೇ, ಕ್ರಾಸಿನಲ್ಲಿ ಇರುವ ಮೀನಿನ ಬುಟ್ಟಿಗಳು..." ಎಂದು ಶುರು ಮಾಡಿ, ಮುಂದಿನ ಮಾತಿಗೆ ಒಂದು ಉಸಿರು ತೆಗೆದುಕೊಂಡರು. ಆ ಉಸಿರಿನ ನಡುವೆ ಹೆಂಗಸರ ಸಾಲಿನಿಂದ ಒಂದು ಅಧಿಕಾರವಾಣಿ ಬಂತು:

"ಸಮಸ್ಯೆ ಎಂತದು, ಚುಟುಕಾಗಿ ಹೇಳಿ."

ಭಟ್ಟರು ಗಕ್ಕನೆ ತಿರುಗಿದರು. ಮೂರು ಸಂಜೆಯ ಅಭ್ಯಾಸ ಎದ್ದು ಕುಳಿತಿತು. ಕೈ ತಾನೇ ತಾನಾಗಿ ಹೋಗಿ ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿತು. "ಚುಟುಕಾಗಿಯಾ? ಸಾಹೇಬ್ರೇ, ದೋಣಿ ದಡಕ್ಕೆ ಬರೂದರೊಳಗೆ ಎದ್ದು ಓಡಿ, ಮೀನಿಗೆ ಮುಗಿಬಿದ್ದು, ನನ್ನ ಬುಟ್ಟಿಯ ಬಂಗುಡೆ ತಲೆ ಮೇಲೆ ಹೊತ್ಕಂಡು ಬಂದದ್ದು ಚುಟುಕಲ್ಲ. ಅದನ್ನ ಚುಟುಕಾಗಿ ಹೇಳೂದು ಹೇಗೆ?" ಎಂದರು. 'ನನ್ನ ಬುಟ್ಟಿಯ ಬಂಗುಡೆ' ಎಂಬ ಮಾತು ಭಟ್ಟರ ಬಾಯಿಂದ ಬಂದದ್ದನ್ನು ಕೇಳಿ ಗಂಗಕ್ಕ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಆಮೇಲೆ ನಗು ಎದ್ದಿತು. ಭಟ್ಟರಿಗೆ ಕೇಳಿಸಲಿಲ್ಲ. ಅವರು ಪಾತ್ರದೊಳಗೆ ಹೊರಟುಹೋಗಿದ್ದರು. "ಹೊಸ ಕಟ್ಟಡಕ್ಕೆ ನಾಲ್ಕು ಗೋಡೆ ಅದೆ ಹೇಳ್ತ್ರಿ. ನನ್ನ ಗಿರಾಕಿ ಬರೂದು ಬಸ್ಸಲ್ಲಿ. ಬಸ್ಸು ನಿಮ್ಮ ಗೋಡೆ ಒಳಗೆ ಬತ್ತದಾ? ಮಂಜು ಕರಗೂದಕ್ಕೆ ನಿಮ್ಮ ಪರವಾನಗಿ ಕೇಳ್ತದಾ? ವಾಸನೆ ಹೇಳ್ತ್ರಿ. ವಾಸನೆ ಮೀನಿಂದಲ್ಲ ಸಾಹೇಬ್ರೇ, ತೊಳೆದ ನೀರು ಹೋಗ್ಲಿಕ್ಕೆ ಜಾಗ ಇಲ್ಲದೆ ನಿಂತದ್ದರಿಂದ. ಪಕ್ಕದ ಮನೆ ಭಟ್ರು ಕಿಟಕಿ ಹಾಕ್ಕಂಡು ಕೂತಿದ್ರು, ಪಾಪ. ಅವರಿಗೆ ಗಾಳಿ ಬೇಕು, ನನಗೆ ಗಿರಾಕಿ ಬೇಕು. ಆ ನೀರಿಗೆ ಒಂದು ಚರಂಡಿ ಮಾಡಿಕೊಟ್ರೆ ಇಬ್ಬರಿಗೂ ಸಿಕ್ತದಲ್ಲ?" ನಗು ನಿಂತಿತ್ತು.

ನಾನು ಎದ್ದು, "ಇದು ಓದುವ ಬಳಗ ಅಲ್ಲ, ಗ್ರಾಮಸಭೆ..." ಎನ್ನುವಷ್ಟರಲ್ಲಿ ಹಿಂದಿನಿಂದ ಯಾರೋ, "ಸುಮ್ನಿರೇ ತಂಗಿ, ಪ್ರಸಂಗ ಕೆಡಿಸ್ಬೇಡ" ಎಂದರು. ನಾಗಮ್ಮ ಎದ್ದು ನಿಂತಿದ್ದಳು. ಎದುರಿಗೆ ಮೇಜಿನ ಹಿಂದೆ ನಿಜವಾದ ಪಿಡಿಒ ಕೂತಿದ್ದರೂ ಆ ಹೊತ್ತಿಗೆ ಯಾರ ಕಣ್ಣಿಗೂ ಅವರು ಪಿಡಿಒ ಅಲ್ಲ. "ನಿಮ್ಮ ಕಷ್ಟ ನಂಗೆ ಅರ್ಥ ಆತದೆ" ಎಂದು ಅವಳು ಅವರದೇ ಧ್ವನಿಯಲ್ಲಿ ಶುರು ಮಾಡಿದಳು. "ಆದ್ರೆ ನಾಳೆ ಬ್ರೇಕ್ ಬೀಳದ ಲಾರಿ ಒಂದು ನಿಮ್ಮ ಬುಟ್ಟಿ ಮೇಲೆ ಹತ್ತಿದ್ರೆ ಎಲ್ಲರೂ ಕೇಳೂದು ನನ್ನನ್ನ. ನಿಮ್ಮ ಜೀವಕ್ಕೆ ಬೆಲೆ ಅದೆ ಅಂತಲೇ ಆ ಕಟ್ಟಡ. ಟೈಲ್ಸು ನೋಡಿ, ಕನ್ನಡಿ ಹಾಗೆ ಅದೆ. ಫ್ಯಾನು ಅದೆ, ಬಿಸಿಲಿಲ್ಲ, ಮಳೆಯಿಲ್ಲ. ನಲ್ಲಿ ತಿರುಗಿಸಿದ್ರೆ ಧೋ ಅಂತ ನೀರು! ಬಂಗುಡೆ ಎಂತದು, ಬುಟ್ಟಿ ಸಮೇತ ಮೀಯ್ಬಹುದು! ಹೌದಾ ಅಲ್ಲವಾ?" ಅವಳು ನಮ್ಮ ಎದುರು ಪಿಡಿಒ ಪರವಾಗಿ ಇಷ್ಟು ಚೆನ್ನಾಗಿ ಎಂದೂ ವಾದಿಸಿರಲಿಲ್ಲ. ತನ್ನ ಬುಟ್ಟಿಯನ್ನು ತಾನೇ ಹೊತ್ತು ಒಳಗಿನ ಕಟ್ಟಡಕ್ಕೆ ಸಾಗಿಸುತ್ತಿದ್ದಾಳಲ್ಲ ಎಂದು ನಾನು ಬೇಡ ಬೇಡ ಎನ್ನುವಂತೆ ಅವಳತ್ತ ಕೈ ಬೀಸಿದೆ. ಜನ ತಲೆಯಾಡಿಸತೊಡಗಿದ್ದರು. ಆಗ ನಿಜವಾದ ಪಿಡಿಒ ಮೆಲ್ಲನೆ ಎದ್ದರು. ಒಳ್ಳೆಯ ಮನುಷ್ಯನಿಗೆ ತನ್ನ ಕೆಲಸದ ಬಗ್ಗೆ ಆಡಿದ ಅತಿ ಹೊಗಳಿಕೆ ಹೊತ್ತುಕೊಳ್ಳಲಾಗುವುದಿಲ್ಲ. "ಅಮ್ಮಾ... ನೀರು ಮಾತ್ರ... ನೀರಿನ ಸಂಪರ್ಕ ಇನ್ನೂ ಆಗಿಲ್ಲ. ನಲ್ಲಿ ಕೂರಿಸಿದ್ದಾರೆ, ಅಷ್ಟೇ" ಎಂದರು.

ನಾಗಮ್ಮ ಗಂಭೀರವಾಗಿ ತಲೆಯಾಡಿಸಿ, "ಪರಿಶೀಲಿಸೋಣ" ಎಂದಳು.

ಆಮೇಲೆ ಎದ್ದ ನಗುವಿನಲ್ಲಿ ಬಹಳ ಹೊತ್ತು ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಪಿಡಿಒ ಎಂಬುದನ್ನು ಅವರ ಪರವಾಗಿ ಹೇಳಲೇಬೇಕು. ನಕ್ಕಾದ ಮೇಲೆ ಅವರೇ, ನೀರು ಬರುವವರೆಗೆ ಯಾರೂ ಕದಲುವುದು ಬೇಡ, ಅಲ್ಲಿಯವರೆಗೆ ಕ್ರಾಸಿನಲ್ಲಿ ಬಸ್ಸಿನ ದಾರಿಯಿಂದ ಸ್ವಲ್ಪ ಒಳಗೆ ನೆರಳಿಗೆ ಒಂದು ಹಂಚಿನ ಮಾಡು, ಒಂದು ಚರಂಡಿ, ನೀರು ಬಂದ ಮೇಲೆ ಮತ್ತೆ ಸಭೆ ಕರೆದು ಕೇಳೋಣ ಎಂದು ಮುಂದಿಟ್ಟರು. ಒಪ್ಪುವವರು ಕೈ ಎತ್ತಿ ಎಂದರು ಅಧ್ಯಕ್ಷರು. ಇಡೀ ಸಭಾಂಗಣ ಕೈ ಎತ್ತಿತು. ಭಟ್ಟರ ಕೈಯೂ ಮೇಲೆ ಹೋಯಿತು. ಮೇಲೆ ಹೋದ ಮೇಲೆ ಅವರು ಅದನ್ನು, ಇದು ಯಾರ ಕೈ ಎಂದು ಕೇಳುವವರ ಹಾಗೆ ನೋಡಿದರು. ಆದರೆ ಇಳಿಸಲಿಲ್ಲ. ಗಂಗಕ್ಕ 'ಚರಂಡಿ' ಎಂಬ ಶಬ್ದ ಕೇಳಿಯೇ ಕೈ ಎತ್ತಿ ಆಗಿತ್ತು. ನಾನು ಗೋಡೆಗೆ ಒರಗಿ ನಿಂತು, ವಿಷಯ ಮಂಡನೆಯಲ್ಲಿ ಭಟ್ಟರು ಮುಂದೋ, ಖಂಡನೆಯಲ್ಲಿ ನಾಗಮ್ಮ ಮುಂದೋ ಎಂದು ಮನಸ್ಸಿನಲ್ಲೇ ಅಂಕ ಹಾಕುತ್ತಿದ್ದೆ. ತೀರ್ಪುಗಾರಳಾಗಿದ್ದರೆ ಮೊದಲ ಬಹುಮಾನ ಹಂಚಿಬಿಡುತ್ತಿದ್ದೆ.

ಮಳೆಗಾಲದ ಮೊದಲೇ ಚರಂಡಿ ಆಯಿತು. ಮಾಡು ಮುಕ್ಕಾಲು ಆಗಿದೆ, ಉಳಿದ ಕಾಲು ಭಾಗಕ್ಕೆ ಬಳಗದವರು ಪಂಚಾಯ್ತಿಗೆ ಹೋಗಿ ಬರುತ್ತಿದ್ದಾರೆ, ಪಾತ್ರ ಮಾಡದೆ, ತಮ್ಮ ತಮ್ಮ ಹೆಸರಿನಲ್ಲೇ. ಗಂಗಕ್ಕ ಕಿಟಕಿ ತೆರೆದಿದ್ದಾರೆ. ಭಟ್ಟರು ಈಗಲೂ ಆಗಾಗ ಸ್ಟೂಲು ಹಿಡಿದು ಕ್ರಾಸಿಗೆ ಬರುತ್ತಾರೆ. ಯಾಕೆ ಎಂದು ಕೇಳಿದರೆ, "ಪಾತ್ರ ಪೂರ್ತಿ ಬಿಟ್ಟು ಹೋಗ್ಲಿಲ್ಲೆ ತಂಗೀ" ಎನ್ನುತ್ತಾರೆ. ಈಗ ಹೇಳಿ, ಇದರಲ್ಲಿ ಪ್ರಬುದ್ಧತೆ ಎಲ್ಲಿದೆ? ನಾನು ಇಷ್ಟು ಮಾತ್ರ ಒಪ್ಪಬಲ್ಲೆ: ಇನ್ನೊಬ್ಬರ ಮಾತನ್ನು ಕೆಲವು ಸಂಜೆ ಬಾಯಲ್ಲಿ ಇಟ್ಟುಕೊಂಡರೆ ಅದು ಸುಲಭಕ್ಕೆ ಉಗುಳಲು ಬರುವುದಿಲ್ಲ. ನಾನು ವರ್ಷಗಟ್ಟಲೆ ಎರಡೂ ಕಡೆಯ ಮಾತು ಆಡಿದವಳು, ನನಗೆ ಏನೂ ಅಂಟಲಿಲ್ಲವಲ್ಲ ಎಂದು ನೀವು ಕೇಳಬಹುದು. ಕೇಳಬೇಡಿ.

ಕುಮಟೆಯಿಂದ ಶಾಲಿನ ಜೊತೆ ಬಸ್ಸಿಳಿದ ದಿನ ನಾಗಮ್ಮನ ಹತ್ತಿರ ಹೋದೆ. ಮಾಡಿನ ನೆರಳಲ್ಲಿ ಅವಳು ಬಂಗುಡೆಯ ಮೇಲೆ ಮಂಜು ಸುರಿಯುತ್ತಿದ್ದಳು. ಬಹಳ ದಿನದಿಂದ ಕೊರೆಯುತ್ತಿದ್ದುದನ್ನು ಕೇಳಿದೆ. "ನಾಗಮ್ಮ, ನಿಜ ಹೇಳು. ಅವತ್ತು ಭಟ್ರಿಗೆ ಆ ಮಾತು ಎತ್ತಿಕೊಟ್ಟದ್ದು ಅಭ್ಯಾಸದಿಂದಲಾ, ಬೇಕಂತಲಾ? ಮತ್ತೆ ಆ ನೀರಿನ ವಿಷಯ?"

ಅವಳು ಶಾಲನ್ನೊಮ್ಮೆ ನೋಡಿದಳು, ಅಂಚು ಮುಟ್ಟಿ ಒಳ್ಳೆಯದೆಂದು ತಲೆಯಾಡಿಸಿದಳು. "ಅದಿರ್ಲಿ ಅಕ್ಕೋರೆ. ಒಳಗಿನ ಕಟ್ಟಡಕ್ಕೆ ನೀರು ಬಂತಂತೆ. ಮುಂದಿನ ತಿಂಗ್ಳು ಮತ್ತೆ ಸಭೆ ಅಂತೆ. ಹೋದ ಸಲ ಎಲ್ಲರೂ ಕೈ ಎತ್ತುವಾಗ ನಾ ನಿಮ್ಮನ್ನೇ ನೋಡ್ತಿದ್ದೆ. ನೀವು ಎರಡೂ ಕೈ ಕಟ್ಕಂಡು ಗೋಡೆಗೆ ಒರಗಿ ನಿಂತಿದ್ರಿ. ಭಟ್ರು ಹೇಳೂದು ಗೊತ್ತಾತು, ಪಿಡಿಒ ಹೇಳೂದು ಗೊತ್ತಾತು. ನಿಮ್ದೊಂದು ಗೊತ್ತಾಗ್ಲಿಲ್ಲ. ಚೀಟಿ ಗೀಟಿ ಎತ್ಬೇಡಿ, ಸುಮ್ನೆ ಹೇಳಿ ಅಕ್ಕೋರೆ: ನಾವು ಇಲ್ಲೇ ಕೂತ್ಕಳೂದಾ, ಅಲ್ಲಿಗೆ ಹೋಗೂದಾ?"